ಚೀಲ ತೋರಿಸುವ ಹೊತ್ತು ಯಾರ ಲೆಕ್ಕಕ್ಕೆ?

ಬಟ್ಟೆ ಅಂಗಡಿಯ ಶಟರ್ ಅರ್ಧ ಕೆಳಗೆ ಬಂತು ಅಂದ್ರೆ ಗ್ರಾಹಕರಿಗೆ ದಿನ ಮುಗಿಯಿತು. ಒಳಗಿನವರಿಗೆ ಇನ್ನೊಂದು ಕ್ಯೂ ಬಾಕಿ ಇರುತ್ತದೆ.

ಮಂಗಳೂರಿನ ಒಂದು ದೊಡ್ಡ ಮಳಿಗೆಯಲ್ಲಿ ನಾನು 2 ವರ್ಷ 4 ತಿಂಗಳು ಸೀರೆ ಸೆಕ್ಷನ್‌ನಲ್ಲಿದ್ದೆ. ಹೆಸರು ಬೇಡ. ರಾತ್ರಿ 9ಕ್ಕೆ ಎರಡನೇ ಮಹಡಿಯಲ್ಲಿ ಬೆರಳು ಒತ್ತಿ ಪಂಚ್ ಔಟ್ ಮಾಡುವುದು, ಆಮೇಲೆ ಹಿಂಬದಿಯ ಮೆಟ್ಟಿಲಿಳಿದು ಗೋಡೌನ್ ಬಾಗಿಲ ಹತ್ತಿರ ಸಾಲಾಗಿ ನಿಲ್ಲುವುದು. ಅಲ್ಲೊಂದು ಮೇಜು. ಅದರ ಮೇಲೆ ಚೀಲ ಖಾಲಿ ಮಾಡಬೇಕು. ಟಿಫಿನ್ ಡಬ್ಬಿ, ಚಾರ್ಜರ್, ಬಾಚಣಿಗೆ, ಊರಿಂದ ತಂದ ಉಪ್ಪಿನಕಾಯಿ ಬಾಟಲಿ. ಡಬ್ಬಿಯ ಮುಚ್ಚಳ ತೆಗೆಯಬೇಕು. ಮಳೆಗಾಲದಲ್ಲಿ ಕೊಡೆಯನ್ನೂ ಬಿಚ್ಚಿ ತೋರಿಸಬೇಕಿತ್ತು. ಅಂಗಡಿಯೊಳಗೆ ಕೊಡೆ ಬಿಚ್ಚಬಾರದು ಅಂತ ಅಜ್ಜಿ ಬೈಯುತ್ತಿದ್ದದ್ದು ನೆನಪಾಗಿ ಮೊದಮೊದಲು ನಗು ಬರ್ತಿತ್ತು.

ನಗು ನಿಂತದ್ದು ಒಂದು ಶನಿವಾರ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪೇಪರಿನಲ್ಲಿ ಸುತ್ತಿದ ಸಣ್ಣ ಪೊಟ್ಟಣ ಬಿಚ್ಚಲು ಹಿಂದೆಮುಂದೆ ನೋಡಿದಳು. ಮೇಜಿನಾಚೆ ನಿಂತವನು ಗಂಡಸು. ಬೆನ್ನ ಹಿಂದೆ ಹತ್ತು ಜನ. “ಬಿಚ್ಚಮ್ಮ, ಬೇಗ ಬೇಗ” ಅಂದ. ಬಿಚ್ಚಿದಳು. ಪ್ಯಾಡ್. ಗಾರ್ಡ್ ತಾನೇ ಮುಖ ಆಚೆ ತಿರುಗಿಸಿದ. ಯಾರೂ ಏನೂ ಹೇಳಲಿಲ್ಲ. ಮರುದಿನದಿಂದ ಅವಳು ಚೀಲವನ್ನೇ ತರಲಿಲ್ಲ, ಊಟದ ಡಬ್ಬಿಯನ್ನೂ ಬಿಟ್ಟಳು. ಮಧ್ಯಾಹ್ನ ಹೊರಗೆ ಎರಡು ಬನ್ಸ್ ತಿಂದು ಬರ್ತಿದ್ದಳು.

ಆ ಗಾರ್ಡ್ ಮೇಲೆ ನನಗೆ ಸಿಟ್ಟಿಲ್ಲ. ಏಜೆನ್ಸಿಯವನು, ದಿನಕ್ಕೆ 12 ಗಂಟೆ ನಿಲ್ಲುವವನು, ಅವನ ಜೇಬನ್ನು ಇನ್ನೊಬ್ಬ ಗಾರ್ಡ್ ತಡಕುತ್ತಿದ್ದ. ನಾನು ಗಮನಿಸಿದ ಸಂಗತಿ ಬೇರೆ. ಮ್ಯಾನೇಜರ್‌ಗಳು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿನಿಂದ ಹೋಗುತ್ತಿದ್ದರು. ಆ ಬಾಗಿಲಲ್ಲಿ ಮೇಜು ಇರಲಿಲ್ಲ.

ಒಂದು ಲೆಕ್ಕ ಮಾಡೋಣ, ಫೋನ್ ಕೈಯಲ್ಲೇ ಇದೆಯಲ್ಲ. ಸಾಲು ಕರಗಲು ದಿನಕ್ಕೆ ಸುಮಾರು 20 ನಿಮಿಷ. ತಿಂಗಳಿಗೆ 26 ದಿನ ಕೆಲಸ. 520 ನಿಮಿಷ. ಅಂದರೆ 8 ಗಂಟೆ 40 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಒಂದು ದಿನದ ದುಡಿಮೆ. ಪಂಚ್ ಔಟ್ ಆಗಿಬಿಟ್ಟಿದೆ, ಹಾಗಾಗಿ ಆ ದಿನಕ್ಕೆ ಸಂಬಳ ಇಲ್ಲ. ದೀಪಾವಳಿ ಸೀಸನ್‌ನಲ್ಲಿ ಸಾಲು ಮುಗಿಯಲು ಮುಕ್ಕಾಲು ಗಂಟೆ ಹಿಡಿದದ್ದೂ ಉಂಟು. ಆಗ ಕೊನೆಯ ಸಿಟಿ ಬಸ್ ತಪ್ಪುತ್ತದೆ, ಪಿ.ಜಿ.ಗೆ ಆಟೋ ಮಾಡಬೇಕು. ನಾನು ಕಳ್ಳಿಯಲ್ಲ ಅಂತ ಸಾಬೀತು ಮಾಡುವ ಖರ್ಚು ನನ್ನದೇ ಪರ್ಸಿನಿಂದ.

ನನ್ನ ಊರು ಅಜ್ಜಾವರ. ಸುಳ್ಯದಿಂದ ಪಯಸ್ವಿನಿ ದಾಟಿದರೆ ಸಿಗುವ ಊರು. ಅಡಿಕೆ, ರಬ್ಬರ್, ಗುಡ್ಡದಲ್ಲಿ ಗೇರು, ಅಲ್ಲಿಂದ ಮುಂದೆ ಮಂಡೆಕೋಲು, ಅದರಾಚೆ ಕೇರಳ. “ಊರಲ್ಲಾದರೆ ನಂಬಿಕೆಯ ಮೇಲೆ ಎಲ್ಲ ನಡೆಯುತ್ತದೆ, ಪೇಟೆಯಲ್ಲಿ ಮಾತ್ರ ಹೀಗೆ” ಅಂತ ಬರೆದರೆ ಓದಲು ಚಂದ ಇರುತ್ತದೆ, ಆದರೆ ಸುಳ್ಳು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ರಾತ್ರಿ ಬೆಳಗಾಗುವುದರೊಳಗೆ ಮಾಯ ಆಗುವುದು ನಮ್ಮಲ್ಲೂ ಉಂಟು. ಈಗ ತೋಟದ ಮನೆಗಳ ಮಾಡಿನಡಿಯಲ್ಲೂ ಸಿಸಿಟಿವಿ ಕಣ್ಣು ಬಿಡುತ್ತಿದೆ.

ಇನ್ನು ತಪಾಸಣೆ. ಅದೂ ನನ್ನ ಮನೆಗೆ ಹೊಸತಲ್ಲ ಅಂತ ನನಗೆ ಗೊತ್ತಾದದ್ದು ಅಮ್ಮನಿಂದ. ನಾನು ಹೈಸ್ಕೂಲಿಗೆ ಹೋಗುವಾಗ ಅಮ್ಮ ಸುಳ್ಯ ಕಡೆಯ ಒಂದು ಸಣ್ಣ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದರು. ಕರಾವಳಿಯ ಎಷ್ಟೋ ಮನೆಗಳ ಫೀಸು, ಮದುವೆ, ಮಾಡಿನ ಹಂಚು ಎಲ್ಲ ಹೆಂಗಸರ ಈ ದುಡಿಮೆಯಿಂದಲೇ ಬಂದದ್ದು. ಹಬೆಯಲ್ಲಿ ಬೇಯಿಸಿದ ಬೀಜದ ಚಿಪ್ಪು ಒಡೆಯಬೇಕು, ಚಿಪ್ಪಿನ ಎಣ್ಣೆ ಕೈ ಸುಡುತ್ತದೆ. ಆಮೇಲೆ ತಿರುಳು ಒಣಗಿಸಿ ಕೆಂಪು ಸಿಪ್ಪೆ ತೆಗೆಯುವುದು, ಗಾತ್ರ ನೋಡಿ ಬೇರ್ಪಡಿಸುವುದು. ಅಂಗಡಿಯ ಪ್ಯಾಕೆಟ್ ಮೇಲೆ ಡಬ್ಲ್ಯು-240 ಅಂತ ಇರುತ್ತದಲ್ಲ, ಒಂದು ಪೌಂಡಿಗೆ 220ರಿಂದ 240 ಬೀಜ ನಿಲ್ಲುವ ಗಾತ್ರ ಅದು. ಅಮ್ಮ ಅದನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದರು.

ಗೇರುಬೀಜದಲ್ಲಿ ಲೆಕ್ಕ ತಪ್ಪುವುದು ಸುಲಭವಲ್ಲ. 80 ಕಿಲೋ ಕಚ್ಚಾ ಬೀಜದ ಮೂಟೆಯಿಂದ ಸುಮಾರು 20ರಿಂದ 24 ಕಿಲೋ ತಿರುಳು ಬರಬೇಕು ಅಂತ ಆ ವ್ಯಾಪಾರದವರಿಗೆಲ್ಲ ಗೊತ್ತು. ಬೀಜ ಕೊಳ್ಳುವಾಗ ಬೆಲೆ ನಿಂತಿರುವುದೇ ಆ ಇಳುವರಿಯ ಮೇಲೆ. ಅಮ್ಮನ ಕೈಗೆ ಬೆಳಿಗ್ಗೆ ತೂಗಿ ಕೊಡುತ್ತಿದ್ದರು, ಸಂಜೆ ತೂಗಿ ತೆಗೆದುಕೊಳ್ಳುತ್ತಿದ್ದರು. ಅಷ್ಟಾದ ಮೇಲೂ ಗೇಟಿನಲ್ಲಿ ಸೆರಗು ಕೊಡವಬೇಕು, ತುರುಬು ಬಿಚ್ಚಬೇಕು, ಬುತ್ತಿಯ ಡಬ್ಬಿ ಮಗುಚಿ ತೋರಿಸಬೇಕು.

ಮಂಗಳೂರಿನ ಮೇಜಿನ ಕಥೆ ನಾನು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮದು ತೂಕ ಮಾಡಿ ಆಗಿರ್ತಿತ್ತಲ್ಲ, ಮತ್ತೆ ತುರುಬು ನೋಡುದು ಎಂತಕ್ಕೆ ಅಂತ ನಂಗೂ ಅನ್ನಿಸ್ತಿತ್ತು” ಅಂದರು. ಅಷ್ಟು ವರ್ಷ ಮನೆಯಲ್ಲಿ ಒಂದು ದಿನವೂ ಆ ಮಾತು ಎತ್ತಿರಲಿಲ್ಲ. ಎಲ್ಲರಿಗೂ ಆಗುವುದನ್ನು ಹೇಳಿಕೊಳ್ಳುವುದೇನು ಅಂತ ಇರಬೇಕು.

ಅಮ್ಮನ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ತೂಕ ಸರಿ ಇದ್ದ ಮೇಲೆ ತುರುಬು ಯಾಕೆ?

ಅದಕ್ಕೇ ಕಳ್ಳತನ ನಿಜವಾಗಿ ಎಲ್ಲಿ ಆಗುತ್ತದೆ ಅಂತ ನೋಡತೊಡಗಿದೆ. ಸಿಬ್ಬಂದಿ ಕದಿಯುವುದೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. ಕದಿಯುತ್ತಾರೆ. ಬಿಲ್ಲಿಂಗ್ ಮೆಷಿನ್ ಹುಟ್ಟಿದ್ದೇ ಅದಕ್ಕೆ. ಅಮೆರಿಕದ ಡೇಟನ್ ಊರಿನಲ್ಲಿ ಸಾರಾಯಿ ಅಂಗಡಿ ಇಟ್ಟಿದ್ದ ಜೇಮ್ಸ್ ರಿಟಿ ಎಂಬವನಿಗೆ ಕೆಲಸದವರು ಗಲ್ಲಾದಿಂದ ಕಾಸು ಎತ್ತುತ್ತಿದ್ದಾರೆ ಅನ್ನುವ ತಲೆಬಿಸಿ. ಹಡಗಿನಲ್ಲಿ ಹೋಗುವಾಗ, ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸುವ ಯಂತ್ರ ನೋಡಿದ. ಹೀಗೇ ಹಣವನ್ನೂ ಎಣಿಸಬಹುದಲ್ಲ ಅಂತ ಹೊಳೆದು 1879ರಲ್ಲಿ ಕ್ಯಾಷ್ ರಿಜಿಸ್ಟರ್‌ಗೆ ಪೇಟೆಂಟ್ ತೆಗೆದುಕೊಂಡ. ನಾವು ಇವತ್ತು ಕೈಗೆ ತೆಗೆದುಕೊಳ್ಳುವ ಪ್ರತಿ ಬಿಲ್ಲಿನ ಹಿಂದೆ ಒಬ್ಬ ಮಾಲೀಕನ ಅನುಮಾನ ಇದೆ. ಅದರಲ್ಲಿ ತಪ್ಪೂ ಇಲ್ಲ. ಆ ಯಂತ್ರ ಎಣಿಸಿದ್ದು ಹಣವನ್ನು. ಯಾರ ಮೈಯನ್ನೂ ಮುಟ್ಟಲಿಲ್ಲ.

ಈಗ ಅಂಗಡಿಯಲ್ಲಿ ಒಳಗಿನವರು ಕದಿಯುವ ದಾರಿಗಳು ಹೇಗಿರುತ್ತವೆ? ಕೌಂಟರಿಗೆ ಗೆಳೆಯ ಬರುತ್ತಾನೆ, ಐದು ಐಟಮ್‌ನಲ್ಲಿ ಮೂರು ಮಾತ್ರ ಸ್ಕ್ಯಾನ್ ಆಗುತ್ತದೆ. ಗ್ರಾಹಕ ಹೋದ ಮೇಲೆ ಬಿಲ್ ಕ್ಯಾನ್ಸಲ್ ಮಾಡಿ ನಗದು ಜೇಬಿಗೆ. ವಾಪಸ್ ಬಾರದ ಮಾಲಿಗೆ ರಿಟರ್ನ್ ನಮೂದಿಸಿ ದುಡ್ಡು ತೆಗೆಯುವುದು. ಸಿಬ್ಬಂದಿಯ ಡಿಸ್ಕೌಂಟ್ ಕೋಡ್ ಹೊರಗಿನವರಿಗೆ ಹೊಡೆಯುವುದು. ಗೋಡೌನಿಗೆ ಬಂದ 50 ಪೀಸಿಗೆ 48 ಅಂತ ಸಹಿ. ಇದರಲ್ಲಿ ಯಾವುದೂ ಟಿಫಿನ್ ಡಬ್ಬಿಯಲ್ಲಿ ಹೊರಗೆ ಹೋಗುವುದಿಲ್ಲ ಮಾರಾಯ್ರೆ. ಮುಂಬಾಗಿಲಿನಿಂದ, ಅಂಗಡಿಯದೇ ಕ್ಯಾರಿಬ್ಯಾಗಿನಲ್ಲಿ, ಬಿಲ್ ಸಮೇತ ಹೋಗುತ್ತದೆ. ಹಿಡಿಯಬೇಕಾದರೆ ಕ್ಯಾನ್ಸಲ್ ಆದ ಬಿಲ್ಲುಗಳನ್ನು ಪ್ರತಿ ವಾರ ಕೂತು ನೋಡಬೇಕು, ಸ್ಟಾಕನ್ನು ವರ್ಷಕ್ಕೊಮ್ಮೆ ಅಲ್ಲ, ಸೆಕ್ಷನ್ ಸೆಕ್ಷನ್ ಆಗಿ ಆಗಾಗ ಎಣಿಸಬೇಕು. ಅದಕ್ಕೆ ತಲೆ ಬೇಕು, ಸಂಬಳ ಕೊಟ್ಟು ಒಬ್ಬರನ್ನು ಇಡಬೇಕು. ಚೀಲ ಖಾಲಿ ಮಾಡಿಸುವುದು ಪುಕ್ಕಟೆ.

ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಸಂಘ ನ್ಯಾಷನಲ್ ರಿಟೇಲ್ ಫೆಡರೇಷನ್ 2023ರಲ್ಲಿ ಕೊಟ್ಟ ಸಮೀಕ್ಷೆ ನೋಡಿ. ಹಿಂದಿನ ವರ್ಷ ಅಂಗಡಿಗಳಿಗಾದ ಸರಕಿನ ನಷ್ಟ ಮಾರಾಟದ ಶೇ 1.6ರಷ್ಟು. ಅದರಲ್ಲಿ ಹೊರಗಿನವರ ಕಳ್ಳತನ ಶೇ 36, ಒಳಗಿನವರದು ಶೇ 29. ಇನ್ನು ಶೇ 27 ಪಾಲು ಯಾರೂ ಕದ್ದದ್ದಲ್ಲ. ಎಣಿಕೆ, ಬೆಲೆಪಟ್ಟಿ, ನಮೂದು, ನಿಯಂತ್ರಣದ ತಪ್ಪುಗಳು. ಸಂಖ್ಯೆಗಳು ಅಲ್ಲಿಯವು, ಆದರೆ ಪುಸ್ತಕದಲ್ಲಿ ಕಡಿಮೆ ಬಿದ್ದದ್ದೆಲ್ಲ ಕಳ್ಳತನ ಅಲ್ಲ ಅನ್ನುವುದು ಇಲ್ಲಿಗೂ ಸಲ್ಲುವ ಮಾತು.

ನಮ್ಮಲ್ಲಿ ಆದದ್ದೂ ಅದೇ. ಮಾರ್ಚ್ ತಿಂಗಳ ಸ್ಟಾಕ್ ಎಣಿಕೆಯಲ್ಲಿ ನಮ್ಮ ಸೆಕ್ಷನ್‌ಗೆ 18,000 ರೂಪಾಯಿ ಶಾರ್ಟೇಜ್ ಬಂತು. ಸೆಕ್ಷನ್‌ನಲ್ಲಿ 12 ಜನ. ತಲಾ 1,500 ರೂಪಾಯಿ ಏಪ್ರಿಲ್ ಸಂಬಳದಲ್ಲಿ ಕಟ್. ಯಾರನ್ನೂ ಕೇಳಲಿಲ್ಲ, ಯಾರಿಗೂ ಕಾಗದ ಕೊಡಲಿಲ್ಲ, ಸ್ಲಿಪ್‌ನಲ್ಲಿ ‘ಇತರೆ’ ಅಂತ ಒಂದು ಸಾಲು. ದುಡ್ಡಿಗಿಂತ ಕೆಟ್ಟದ್ದು ಆಮೇಲಿನ ತಿಂಗಳುಗಳು. ಯಾರು ತೆಗೆದಿರಬಹುದು ಅಂತ 12 ಜನ ಒಬ್ಬರನ್ನೊಬ್ಬರು ನೋಡುವುದು. ಹೊಸ ಬಳೆ ಹಾಕಿಕೊಂಡು ಬಂದವಳ ಕೈ ಮೇಲೆ ಹನ್ನೊಂದು ಜೋಡಿ ಕಣ್ಣು. ಚೀಲ ತರುವುದು ಬಿಟ್ಟವಳ ಮೇಲೆ ಇನ್ನೂ ಜಾಸ್ತಿ. ಚೀಲ ತರದೇ ಇರುವುದಕ್ಕೂ ಒಂದು ಕಾರಣ ಇರಬೇಕಲ್ಲ, ಅಂತ ಪಿಸುಪಿಸು. ಅವಳು ಜೂನ್‌ನಲ್ಲಿ ಕೆಲಸ ಬಿಟ್ಟಳು.

ಆಗಸ್ಟ್‌ನಲ್ಲಿ ಇನ್ನೊಂದು ಬ್ರಾಂಚಿನ ಎಣಿಕೆಯಲ್ಲಿ ಅಷ್ಟೇ ಸೀರೆಗಳು ಹೆಚ್ಚುವರಿ ಬಂದವು. ನಮ್ಮಿಂದ ಅಲ್ಲಿಗೆ ಕಳಿಸಿದ ಎರಡು ಬಾಕ್ಸ್‌ಗಳ ಟ್ರಾನ್ಸ್‌ಫರ್ ಸಿಸ್ಟಮ್‌ನಲ್ಲಿ ಏರಿಯೇ ಇರಲಿಲ್ಲ. ಉಳಿದ 11 ಜನರಿಗೆ ಹಣ ವಾಪಸ್ ಬಂತು. ಬಿಟ್ಟು ಹೋದವಳಿಗೆ ಯಾರು ಕೊಡುತ್ತಾರೆ? ನಾವು ಕೇಳಿದಾಗ “ಅವರು ಈಗ ರೋಲ್ಸ್‌ನಲ್ಲಿ ಇಲ್ಲ” ಅಂದರು.

ಹೀಗೆ ಸಂಬಳ ಹಿಡಿಯಬಹುದಾ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ 1936ರಿಂದ ಇದೆ. ವೇತನ ಪಾವತಿ ಕಾಯ್ದೆ ಹೇಳಿದ್ದು ಇಷ್ಟು: ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸರಕು ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನಷ್ಟವಾಗಿದ್ದರೆ ಮಾತ್ರ ಹಿಡಿಯಬಹುದು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಹಿಡಿಯುವ ಮೊದಲು ಅವನ ವಿವರಣೆ ಕೇಳಬೇಕು. 2019ರ ವೇತನ ಸಂಹಿತೆಯಲ್ಲೂ ಇದೇ ನಿಯಮ ಉಳಿದಿದೆ. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಇಡೀ ಸೆಕ್ಷನ್‌ಗೆ ಸಮನಾಗಿ ಹಂಚಿ ಹಾಕುವ ಪದ್ಧತಿ ಇದರಲ್ಲಿ ಎಲ್ಲಿಯೂ ಕೂರುವುದಿಲ್ಲ. ಆದರೆ 19 ವರ್ಷದ ಹುಡುಗಿ, ಮೊದಲ ಕೆಲಸ, ಸ್ಲಿಪ್ ಹಿಡಿದು ಎಚ್‌ಆರ್ ಕೋಣೆಗೆ ಹೋಗಿ ‘ಯಾವ ಕಲಂ ಪ್ರಕಾರ’ ಅಂತ ಕೇಳುತ್ತಾಳಾ?

ಲೆಕ್ಕದ ಯಂತ್ರವನ್ನು ನಂಬಿ ಮನುಷ್ಯರನ್ನು ನಂಬದಿದ್ದರೆ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣ ಓದಿ. ಅಲ್ಲಿ ಊರಿನ ಸಣ್ಣ ಅಂಗಡಿಯ ಜೊತೆಗೇ ಅಂಚೆ ಕೌಂಟರ್ ನಡೆಸುವವರು ಇರುತ್ತಾರೆ. 1999ರಿಂದ ‘ಹೊರೈಜನ್’ ಅನ್ನುವ ಸಾಫ್ಟ್‌ವೇರ್ ಬಂತು. ಅದು ತೋರಿಸಿದ ಕೊರತೆಯನ್ನು ಕಳ್ಳತನ ಅಂತ ತೀರ್ಮಾನಿಸಿದರು. 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಮನೆ ಮಾರಿ ಇಲ್ಲದ ಸಾಲ ತುಂಬಿದವರಿದ್ದಾರೆ. ತಪ್ಪು ಸಾಫ್ಟ್‌ವೇರಿನದು. ಕೊನೆಗೆ 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ನಮ್ಮ 18,000 ರೂಪಾಯಿ ಅದರ ಮುಂದೆ ಏನೂ ಅಲ್ಲ, ಆದರೆ ಜಾತಿ ಅದೇ.

ಸಾಲಿನಲ್ಲಿ ನಿಂತ ಹೊತ್ತಿನ ಕಥೆಗೆ ಬರುತ್ತೇನೆ. ಇದು ನನ್ನ ಒಬ್ಬಳ ತಕರಾರು ಅಂದುಕೊಂಡಿದ್ದೆ. ಅಮೆರಿಕದಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ಅಮೆಜಾನ್ ಗೋದಾಮಿನಲ್ಲಿ ಗುತ್ತಿಗೆ ಕಂಪನಿಯೊಂದರ ಮೂಲಕ ದುಡಿಯುತ್ತಿದ್ದವರು, ಕೆಲಸ ಮುಗಿದ ಮೇಲೆ ತಪಾಸಣೆಗೆ ದಿನಕ್ಕೆ ಸುಮಾರು 25 ನಿಮಿಷ ಕಾಯುತ್ತೇವೆ, ಕೂಲಿ ಕೊಡಿ ಅಂತ ಕೇಳಿದರು. 2014ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಇಲ್ಲ ಅಂದರು. ಪೆಟ್ಟಿಗೆ ತುಂಬುವುದು ಅವರ ಕೆಲಸ, ತಪಾಸಣೆ ಆ ಕೆಲಸದ ಅವಿಭಾಜ್ಯ ಭಾಗ ಅಲ್ಲ ಅಂತ ತರ್ಕ. ನನಗಂತೂ ಇದು ತಲೆಗೆ ಹೋಗಲಿಲ್ಲ. ಹೊರಗೆ ಬಿಡದೆ ನಿಲ್ಲಿಸಿಕೊಂಡವರು ಮಾಲೀಕರು, ಹೊತ್ತು ಮಾತ್ರ ನಮ್ಮದಾ?

ಕ್ಯಾಲಿಫೋರ್ನಿಯಾದಲ್ಲಿ ಬೇರೆ ಆಯಿತು. ಆಪಲ್ ಅಂಗಡಿಗಳ ಸಿಬ್ಬಂದಿ 2013ರಲ್ಲಿ ಕೇಸು ಹಾಕಿದ್ದರು. ಅಲ್ಲೂ ನಮ್ಮ ಹಾಗೇ, ಮೊದಲು ಹಾಜರಿ ಮುಚ್ಚಬೇಕು, ಆಮೇಲೆ ಚೀಲ, ಐಫೋನ್ ತೋರಿಸಬೇಕು. ಚೀಲ, ಫೋನ್ ತರುವುದು ನಿಮ್ಮ ಇಷ್ಟ, ತರದಿದ್ದರೆ ತಪಾಸಣೆಯೂ ಇಲ್ಲ ಅಂತ ಕಂಪನಿ ವಾದ ಹೂಡಿತು. ಐಫೋನ್ ಬಿಟ್ಟು ಮನೆಯಿಂದ ಹೊರಡುವುದನ್ನೇ ಯೋಚಿಸಲಾಗದು ಅಂತ ಕಂಪನಿಯ ಮುಖ್ಯಸ್ಥರೇ ಹೇಳಿದ್ದನ್ನು ಕೋರ್ಟು ನೆನಪಿಸಿತು! 2020ರ ಫೆಬ್ರವರಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಮಾಲೀಕನ ಹಿಡಿತದಲ್ಲಿ ಕಾದ ಹೊತ್ತಿಗೆ ಸಂಬಳ ಕೊಡಲೇಬೇಕು ಅಂದಿತು. ಸುಮಾರು 3 ಕೋಟಿ ಡಾಲರ್‌ಗೆ ರಾಜಿಯಾಯಿತು. ಸುದ್ದಿ ಓದುವಾಗ ನನಗೆ ಕಣ್ಮುಂದೆ ಬಂದದ್ದು ಬನ್ಸ್ ತಿನ್ನುತ್ತಿದ್ದ ಆ ಹುಡುಗಿ. ಚೀಲ ತರದಿದ್ದರೆ ಆಯಿತಲ್ಲ ಅನ್ನುವ ಉಪಾಯ ಅವಳು ಮೊದಲೇ ಮಾಡಿ ನೋಡಿದ್ದಳು.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿ ಇದೆ. ಮೀರಿದ ಹೊತ್ತಿಗೆ ಇಮ್ಮಡಿ ಕೂಲಿ. ಹಾಗಾದರೆ ಜಗಳ ಇರುವುದೆಲ್ಲ ಗಡಿಯಾರ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿ. ಮೈ ಮುಟ್ಟುವ ವಿಚಾರ ಇನ್ನೂ ವಿಚಿತ್ರ. ಬಂಧಿಸಿದ ಮಹಿಳೆಯನ್ನು ಪೊಲೀಸರು ಶೋಧಿಸಬೇಕಾದರೂ ಅದನ್ನು ಇನ್ನೊಬ್ಬ ಮಹಿಳೆಯೇ, ಮರ್ಯಾದೆಗೆ ಕುಂದು ಬಾರದ ಹಾಗೆ ಮಾಡಬೇಕು ಅಂತ ಕಾನೂನು ಇದೆ. ಆರೋಪಿಗೆ ಸಿಗುವ ಆ ಮರ್ಯಾದೆ, ಏನೂ ಆರೋಪ ಇಲ್ಲದ ಸೇಲ್ಸ್ ಗರ್ಲ್‌ಗೆ ಗೋಡೌನ್ ಬಾಗಿಲಲ್ಲಿ ಸಿಗಲಿಲ್ಲ.

ಕೇಳಿದರೆ ಏನಾದರೂ ಬದಲಾಗುತ್ತದಾ ಅನ್ನುವವರಿಗೆ ನಮ್ಮ ಗಡಿಯಾಚೆಯ ಒಂದು ಉದಾಹರಣೆ ಸಾಕು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ಕೂರಲು ಸ್ಟೂಲೂ ಇರಲಿಲ್ಲ. ಟೈಲರ್ ಆಗಿದ್ದ ವಿಜಿ ಅನ್ನುವವರು ‘ಪೆಣ್‌ಕೂಟ್ಟ್’ ಅಂತ ಸಂಘ ಕಟ್ಟಿದರು. ವರ್ಷಗಟ್ಟಲೆ ಹೋರಾಟ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನೇ ತಿದ್ದಿ ಕೆಲಸದ ನಡುವೆ ಕುಳಿತುಕೊಳ್ಳುವುದನ್ನು ಹಕ್ಕು ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ಒಂದು ಸ್ಟೂಲಿಗೆ ಕಾನೂನು ಬೇಕಾಯಿತಲ್ಲ ಅಂತ ಬೇಸರ ಪಡಬಹುದು. ನಾನು ಖುಷಿಪಟ್ಟೆ.

ಈಗ ನಾನು ಬೇರೆ ಕಡೆ ಇದ್ದೇನೆ, ಸ್ಟಾಕ್ ಲೆಕ್ಕ ನೋಡುವ ಕೆಲಸ. ಇಲ್ಲೂ ತಪಾಸಣೆ ಇದೆ. ಎಲ್ಲರಿಗೂ ಒಂದೇ ಬಾಗಿಲು, ಮ್ಯಾನೇಜರ್‌ಗೂ ಅದೇ. ಸೇರುವಾಗಲೇ ಒಂದು ಪಾರದರ್ಶಕ ಚೀಲ ಕೊಟ್ಟರು, ಉಳಿದದ್ದನ್ನು ಹೊರಗಿನ ಲಾಕರ್‌ನಲ್ಲಿಟ್ಟು ಒಳಗೆ ಬರುವುದು. ಪ್ಯಾಡ್, ಮಾತ್ರೆಗೆ ಒಂದು ಸಣ್ಣ ಬಟ್ಟೆಯ ಪೌಚ್, ಅದನ್ನು ನೋಡಬೇಕಾದರೆ ಮಹಿಳಾ ಗಾರ್ಡ್ ಮಾತ್ರ, ಪರದೆಯ ಹಿಂದೆ. ಪ್ರತಿ ಮಂಗಳವಾರ ನಾನೂ ಇನ್ನೊಬ್ಬರೂ ಒಂದು ರ‍್ಯಾಕ್ ಎಣಿಸುತ್ತೇವೆ. ಎರಡು ಸಲ ಬಿಲ್ಲಿಂಗ್ ಕಳ್ಳತನ ಸಿಕ್ಕಿದೆ, ಎರಡೂ ಸಲ ಕ್ಯಾನ್ಸಲ್ ಬಿಲ್‌ಗಳ ಪಟ್ಟಿಯಿಂದ. ಚೀಲದಿಂದ ಒಂದೂ ಇಲ್ಲ. ಆದರೂ ಚೀಲದ ತಪಾಸಣೆ ತೆಗೆಯಿರಿ ಅಂತ ನಾನು ಹೇಳಿಲ್ಲ. ಐದು ನಿಮಿಷದಲ್ಲಿ ಮುಗಿಯುತ್ತದೆ, ಆ ಐದು ನಿಮಿಷ ಕಂಪನಿಯ ಲೆಕ್ಕದಲ್ಲಿದೆ.

ಮೊನ್ನೆ ಚಿಕ್ಕಮ್ಮನ ಮಗಳು ಅಜ್ಜಾವರದಿಂದ ಫೋನ್ ಮಾಡಿದ್ದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ, ಬೆಂಗಳೂರಿನ ಮಾಲ್ ಒಂದರಲ್ಲಿ ಇಂಟರ್‌ವ್ಯೂ ಇದೆ, ಎಂತ ಕೇಳ್ತಾರೆ ಅಕ್ಕ ಅಂತ. ಅವರು ಕೇಳುವುದು ಇರಲಿ, ನೀನು ಕೇಳಬೇಕಾದ್ದು ಉಂಟು ಅಂದೆ. ಶಾರ್ಟೇಜ್ ಬಂದರೆ ಹೇಗೆ ಹಿಡಿಯುತ್ತೀರಿ, ಚೆಕಿಂಗ್‌ಗೆ ಮಹಿಳಾ ಗಾರ್ಡ್ ಇದ್ದಾರಾ, ಪಂಚಿಂಗ್ ಮೆಷಿನ್ ಚೆಕಿಂಗ್‌ನ ಮೇಜಿಗಿಂತ ಮೊದಲಾ, ಆಮೇಲಾ.

“ಇಷ್ಟೆಲ್ಲ ಕೇಳಿದ್ರೆ ಕೆಲಸ ಕೊಡ್ತಾರಾ?” ಅಂದಳು.

ಗೊತ್ತಿಲ್ಲ, ಕೊನೆಯದೊಂದನ್ನಾದರೂ ಕೇಳು ಅಂದೆ. ಕೇಳಿದಳಂತೆ. ಇಂಟರ್‌ವ್ಯೂ ಮಾಡಿದವರಿಗೇ ಉತ್ತರ ಗೊತ್ತಿರಲಿಲ್ಲ, ಎದ್ದು ಹೋಗಿ ನೋಡಿಕೊಂಡು ಬಂದರಂತೆ. ಮೆಷಿನ್ ಮೇಜಿನ ಈಚೆ ಇದೆ, ಒಳಗಡೆ. ಸೋಮವಾರ ಸೇರುತ್ತಿದ್ದಾಳೆ. ಪಿ.ಜಿ. ಹತ್ತಿರವೇ ಸಿಕ್ಕಿದೆ, ಕೊನೆಯ ಬಸ್ಸಿನ ಚಿಂತೆ ಇಲ್ಲ.